ದೊಡ್ಡತಾಯಮ್ಮ ಕೊಟ್ಟ ಹಸಿ ಮೊಟ್ಟೆ

ನಮ್ಮತ್ತೆ ದೊಡ್ಡತಾಯಮ್ಮನಿಗೆ ಹೆದರದವರು ಯಾರಾದರೂ ನಮ್ಮೂರಿನಲ್ಲಿದ್ದರೆ ಅವರಿನ್ನೂ ತೊಟ್ಟಿಲಲ್ಲಿರಬೇಕು. ಕಟ್ಟಾಯ ಹೋಬಳಿಯ ಈ ಹಳ್ಳಿಗೆ ನಾನು ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಯಿತು. ಅಷ್ಟೂ ವರ್ಷದಲ್ಲಿ ಅವರಿಗೆ ಎದುರು ಮಾತಾಡಿದ್ದು ಒಂದೇ ಒಂದು ಸಲ. ಬಾಯಿ ಬಿಡಬೇಕಾಗಿದ್ದಾಗ ಬಿಡದೆ, ಬಿಡಬಾರದ ಹೊತ್ತಿನಲ್ಲಿ ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಅದನ್ನು ಹೇಳದೆ ನಮ್ಮತ್ತೆ ಎಂಥವರು ಅಂತ ಹೇಳಲು ನನ್ನಿಂದಾಗದು.

ಆಳು ನೋಡಿದರೆ ಏನೂ ಇಲ್ಲ. ಐದಡಿಗೂ ಕಡಿಮೆ, ಒಣಗಿದ ಕೈಕಾಲು, ಸೊಂಟ ಒಂದು ಕಡೆಗೆ ವಾಲಿದೆ. ಗಂಟಲು ಮಾತ್ರ ಮೂರು ಹೊಲದಾಚೆಗೆ ಕೇಳಿಸುತ್ತದೆ. ಗಂಡ ತೀರಿಕೊಂಡ ಮೇಲೆ ಇರುವ ನಾಲ್ಕೆಕರೆಯನ್ನು ಒಂದು ಗೇಣೂ ಬಿಡದೆ ಉಳಿಸಿಕೊಂಡವರು. ಅಳತೆಗೆ ಬಂದ ಸರ್ವೇಯರು ಗಡಿಕಲ್ಲನ್ನು ಒಂದು ಮೊಳ ಒಳಗೆ ನೆಡಲು ಹೋದಾಗ ಅದೇ ಜಾಗದಲ್ಲಿ ಚಕ್ಕಂಬಕ್ಕಳ ಹಾಕಿ ಕೂತು, ಸಂಜೆಯವರೆಗೂ ಏಳಲಿಲ್ಲವಂತೆ. ಇಂಥವರ ಮನೆಗೆ ಹೆಣ್ಣು ಕೊಟ್ಟ ನಮ್ಮಪ್ಪನ ಧೈರ್ಯವನ್ನು ಮೆಚ್ಚಬೇಕು.

ಅತ್ತೆಯ ಹಿತ್ತಿಲಲ್ಲಿ ಇಪ್ಪತ್ತಕ್ಕೆ ಕಡಿಮೆಯಿಲ್ಲದಂತೆ ನಾಟಿ ಕೋಳಿಗಳು ಯಾವಾಗಲೂ ಇರುತ್ತವೆ. ಯಾವ ಮೊಟ್ಟೆ ಯಾವ ಕೋಳಿಯದು ಅಂತ ಬಣ್ಣ ನೋಡಿಯೇ ಹೇಳುತ್ತಾರೆ. ಅವನ್ನು ಮಾರುವುದಿಲ್ಲ. ಊರಿನಲ್ಲಿ ಯಾರ ಕೈ ಮುರಿದರೂ, ಯಾರ ಮನೆಯಲ್ಲಿ ಬಾಣಂತಿ ಇದ್ದರೂ, ಯಾರ ಮಗಳು ಮೈನೆರೆದರೂ ಮೊದಲು ಬರುವುದು ನಮ್ಮ ಹಿತ್ತಿಲ ಬಾಗಿಲಿಗೆ. ಬಂದವರ ಸೆರಗಿಗೆ ಮೊಟ್ಟೆ ಹಾಕಿ, ಹೀಗೆ ಕುಡಿಸು, ಹಾಗೆ ಕುಡಿಸು ಅಂತ ಬೈಯುವ ಧಾಟಿಯಲ್ಲಿ ಹೇಳಿ ಕಳಿಸುತ್ತಾರೆ. ನಮ್ಮ ಹೊಲಕ್ಕೆ ಕೆಲಸಕ್ಕೆ ಬರುವ ಬೈರಯ್ಯನ ಮಗಳು ಬಿಂದುಶ್ರೀ ದೊಡ್ಡವಳಾದಾಗ ಇವರೇ ದಿನಾ ಬೆಳಿಗ್ಗೆ ಅವರ ಮನೆಗೆ ನಡೆದುಹೋಗಿ ಹನ್ನೊಂದು ದಿನ ಕುಡಿಸಿ ಬಂದರು. ಅದಕ್ಕೆ ಊರಿನಲ್ಲಿ ಕೆಲವರು ಮೂಗು ಮುರಿದರು. ಮುರಿದವರ ಮೂಗಿನ ಗತಿ ಆಮೇಲೆ ಏನಾಯಿತು ಅಂತ ಅವರನ್ನೇ ಕೇಳಬೇಕು.

ಮೊಟ್ಟೆಯ ಮೇಲೆ ಇಷ್ಟು ನಂಬಿಕೆ ಯಾಕೆ ಅಂತ ನಾನು ಮದುವೆಯಾದ ಹೊಸದರಲ್ಲಿ ಒಂದು ಸಲ ಕೇಳಿದ್ದೆ. ಅತ್ತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು.

"ನಾವು ನಾಕು ಜನ ಎಣ್ಮಕ್ಳು ಕಣವ್ವ. ನಾನು ನೆರೆದಾಗ ನಮ್ಮವ್ವ ಒಂದೇ ಒಂದು ಮೊಟ್ಟೆ ಕೊಟ್ಳು. ಮಿಕ್ಕಿದ್ದೆಲ್ಲ ನಮ್ಮಣ್ಣಂಗೆ, ಗರಡಿಗೋಯ್ತಿದ್ನಲ್ಲ. ಅದ್ಕೇ ನನ್ ಸೊಂಟ ಇಂಗಾಗೈತೆ. ನೋಡ್ದೋರು ಯಾರೂ ಇಲ್ಲ. ಎಣ್ಣಿನ ಸೊಂಟ ಯಾರಿಗೆ ಬೇಕು?"

ಆ ಮಾತು ಕೇಳಿದಾಗ ನನಗೆ ಅಳು ಬಂದಿತ್ತು. ಅವರಿಗೆ ಬಂದಿರಲಿಲ್ಲ. ಸುಲಿದ ಸಿಪ್ಪೆಯನ್ನು ಎಮ್ಮೆಗೆ ಹಾಕು ಅಂತ ನನ್ನ ಕೈಗೆ ಮೊರ ಕೊಟ್ಟರು.

ಇನ್ನು ನನ್ನ ವಿಷಯ. ನಾನು ರೂಪಶ್ರೀ, ಹಾಸನದ ಹತ್ತಿರ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುವವಳು ನಾನೇ. ಮಧ್ಯಾಹ್ನದ ಊಟಕ್ಕೆ ಮಕ್ಕಳಿಗೆ ಮೊಟ್ಟೆ ಕೊಡುವಾಗ ಪಾತ್ರೆಯ ಪಕ್ಕ ನಿಲ್ಲುವವಳೂ ನಾನೇ. ಅಡುಗೆಯ ಲಕ್ಷ್ಮಿದೇವಮ್ಮ ಅವಸರ ಮಾಡಿದರೆ ಒಂದು ಮೊಟ್ಟೆ ಒಡೆಸಿ, ಹಳದಿ ಗಟ್ಟಿಯಾಗಿದೆಯೋ ಇಲ್ಲವೋ ನೋಡಿ, ಇಲ್ಲದಿದ್ದರೆ ಮತ್ತೆ ಒಲೆಗಿಡಿಸುತ್ತೇನೆ. "ಇದೇನು ಮೇಡಂ, ನಿಮ್ಮನೆ ಮಕ್ಳಿಗೂ ಇಂಗೇ ನೋಡ್ತೀರಾ?" ಅಂತ ಅವಳು ಗೊಣಗುವುದುಂಟು. ನೋಡಲಿಲ್ಲ. ನೋಡಿದ್ದರೆ ಇದನ್ನೆಲ್ಲ ಬರೆಯುವ ಗ್ರಹಚಾರವೇ ಬರುತ್ತಿರಲಿಲ್ಲ.

ಹೋದ ಮಾರ್ಚಿನಲ್ಲಿ ನನ್ನ ಮಗಳು ನಿಸರ್ಗ ದೊಡ್ಡವಳಾದಳು. ಹನ್ನೆರಡು ವರ್ಷ, ಏಳನೇ ತರಗತಿ, ಗಾಳಿ ಬಂದರೆ ಹಾರಿಹೋಗುವಂಥ ಮೈ. ಅತ್ತೆಯ ಸಂಭ್ರಮಕ್ಕೆ ಮೇರೆಯೇ ಇಲ್ಲ. ನಡುಮನೆಯ ಮೂಲೆಯಲ್ಲಿ ಹಸಿರು ಸೊಪ್ಪು ಕಟ್ಟಿ ಗುಡ್ಲು ಮಾಡಿದರು, ಚಾಪೆ ಹಾಸಿ ಕೂರಿಸಿದರು. ಹನ್ನೊಂದನೇ ದಿನ ನೀರು ಹಾಕಿ ಒಸಗೆ ಮಾಡುವವರೆಗೆ ಹುಡುಗಿ ಹೊಸ್ತಿಲು ದಾಟುವಂತಿಲ್ಲ. ಅರಕಲಗೂಡಿನ ನನ್ನ ಅಣ್ಣ ಕಾಂತರಾಜುಗೆ ಫೋನು ಮಾಡಿ, ಸೋದರಮಾವನಾಗಿ ಏನೇನು ತರಬೇಕು ಅಂತ ಪಟ್ಟಿಯನ್ನೇ ಒಪ್ಪಿಸಿದರು.

ಮಾರನೆಯ ಬೆಳಿಗ್ಗೆ ಮೊಟ್ಟೆ ಶುರುವಾಯಿತು. ಖಾಲಿ ಹೊಟ್ಟೆಯಲ್ಲಿ, ಹಲ್ಲುಜ್ಜಿದ ಕೂಡಲೇ. ಅತ್ತೆ ಕೋಳಿ ಮುಚ್ಚುವ ಮಂಕರಿಯ ಕೆಳಗೆ ಕೈ ಹಾಕಿ ಇನ್ನೂ ಬೆಚ್ಚಗಿದ್ದ ಮೊಟ್ಟೆ ತಂದರು. ಅದರ ಮೇಲೆ ಕೋಳಿಯ ಹಿಕ್ಕೆ ಹತ್ತಿತ್ತು. ಸೆರಗಿನಲ್ಲಿ ಒರೆಸಿದರು. ತುದಿಯನ್ನು ಉಗುರಿನಲ್ಲಿ ಕುಟ್ಟಿ ಒಡೆದು, ಮಗುವಿನ ಗಲ್ಲ ಹಿಡಿದೆತ್ತಿ, ನೇರವಾಗಿ ಬಾಯಿಗೆ ಸುರಿದರು. ಆಮೇಲೆ ಅದೇ ಚಿಪ್ಪಿಗೆ ಎಳ್ಳೆಣ್ಣೆ ತುಂಬಿಸಿ ಅದನ್ನೂ ಕುಡಿಸಿದರು. ಎಣ್ಣೆಯ ಅಳತೆಗೆ ಚಿಪ್ಪೇ ಆಗಬೇಕು, ಲೋಟ ಆಗದು, ಹಿಂದಿನಿಂದಲೂ ಹಾಗೆಯೇ. ಎಣ್ಣೆಯ ಬಾಟಲಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದವಳು ನಾನು.

ಬೇಯಿಸಿ ಕೊಡೋಣ ಅತ್ತೆ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಚಿಪ್ಪಿನ ಮೇಲೆ ಏನಿರುತ್ತದೆ, ಅದು ಹೊಟ್ಟೆಗೆ ಹೋದರೆ ಏನಾಗುತ್ತದೆ ಅಂತ ಅದೇ ತಿಂಗಳು ಕಪ್ಪುಹಲಗೆಯ ಮೇಲೆ ಬರೆದು ಬಂದಿದ್ದೆ. ಆದರೆ ಅತ್ತೆಯ ಮುಖ ನೋಡಿ ಬಾಯಿ ಕಟ್ಟಿಹೋಯಿತು. ಅಷ್ಟು ಖುಷಿಯಾಗಿ ಅವರನ್ನು ನಾನು ಎಂದೂ ಕಂಡಿರಲಿಲ್ಲ. ಅರಕಲಗೂಡಿನಲ್ಲಿ ನಮ್ಮಮ್ಮ ನನಗೂ ಹೀಗೇ ಕುಡಿಸಿದ್ದರಲ್ಲ, ನನಗೇನಾಯಿತು ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳುತ್ತೇನೆ, ಅದು ನಂಬಿಕೆಯಲ್ಲ, ಹೆದರಿಕೆ. ಅತ್ತೆಯ ಹೆದರಿಕೆ.

ಐದು ದಿನ ಏನೂ ಆಗಲಿಲ್ಲ. ಆರನೆಯ ದಿನ ಸಂಜೆ ನಿಸರ್ಗಳಿಗೆ ಮೈ ಬೆಚ್ಚಗಾಯಿತು, ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದಳು. ಏಳನೆಯ ದಿನ ಬೆಳಿಗ್ಗೆಯಿಂದ ಭೇದಿ. ಚಿಗಳಿಯುಂಡೆ, ಮೆಂತ್ಯದ ಹಿಟ್ಟು, ತುಪ್ಪ, ಕೊಬ್ಬರಿ ಅಂತ ಸಿಕ್ಕಿದ್ದೆಲ್ಲ ತುರುಕಿದ್ದೇವೆ, ಅಜೀರ್ಣ ಅಂದುಕೊಂಡೆ. ನನ್ನ ಬ್ಯಾಗಿನಲ್ಲಿದ್ದ ಭೇದಿ ನಿಲ್ಲುವ ಮಾತ್ರೆ ಕೊಟ್ಟೆ. ಯಾರನ್ನೂ ಕೇಳದೆ ಮಕ್ಕಳಿಗೆ ಅಂಥ ಮಾತ್ರೆ ಕೊಡಬಾರದು ಅಂತ ಆಮೇಲೆ ಗೊತ್ತಾಯಿತು. ನನ್ನ ಲೆಕ್ಕಕ್ಕೆ ಅದೂ ಸೇರಲಿ.

"ಅತ್ತೆ, ಹೊಟ್ಟೆ ಕೆಟ್ಟೈತೆ. ಎರಡು ದಿನ ಗಂಜಿ ಸಾಕು, ಬೇರೇನೂ ಬ್ಯಾಡ," ಅಂದೆ.

"ಆಯ್ತು ಬುಡವ್ವ, ನಾ ನೋಡ್ಕತೀನಿ. ನೀ ಓಗು, ನಿನ್ ಪರೀಕ್ಸೆ ಡೂಟಿ ಐತಲ್ಲ," ಅಂದರು ಅತ್ತೆ.

ಹತ್ತನೇ ತರಗತಿಯ ಪರೀಕ್ಷೆ ನಡೆಯುತ್ತಿತ್ತು, ನನಗೆ ಕೊಠಡಿ ಮೇಲ್ವಿಚಾರಣೆ ಬಿದ್ದಿತ್ತು. ರಜೆ ಕೇಳಿದರೆ ಏನೆಂದುಕೊಳ್ಳುತ್ತಾರೋ ಅಂತ ಅದಕ್ಕೂ ಹೆದರಿ ಹೋದೆ. ನನ್ನ ಗಂಡ ಮೋಹನ್‌ಕುಮಾರ್ ಚನ್ನರಾಯಪಟ್ಟಣದ ಮಾರುಕಟ್ಟೆಗೆ ತೆಂಗಿನಕಾಯಿ ತುಂಬಿಕೊಂಡು ಬೆಳಿಗ್ಗೆ ಹೊರಟರೆ ಬರುವುದು ಸಂಜೆಗೆ. ಗುಡ್ಲಿನಲ್ಲಿ ಕೂತ ಮಗಳನ್ನು ಹತ್ತಿರ ಹೋಗಿ ನೋಡಲು ಅವರಿಗೂ ನಾಚಿಕೆ, ಅತ್ತೆಯೂ ಬಿಡರು.

ಒಂಬತ್ತನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ನಾನು ಮನೆಗೆ ಬಂದೆ. ಗುಡ್ಲಿನ ಸೊಪ್ಪು ಒಣಗಿ ಉದುರಿತ್ತು. ಅದರ ಕೆಳಗೆ ನಿಸರ್ಗ ಕಣ್ಣು ಅರ್ಧ ತೆರೆದು ಮಲಗಿದ್ದಳು. ಕರೆದರೆ ತಿರುಗಲಿಲ್ಲ. ಕಣ್ಣು ಗುಳಿ ಬಿದ್ದಿತ್ತು, ತುಟಿ ಬಿರಿದಿತ್ತು. ಕೈಯ ಮೇಲಿನ ಚರ್ಮ ಚಿವುಟಿ ಬಿಟ್ಟೆ, ಚಿವುಟಿದ ಹಾಗೇ ನಿಂತಿತು. ಬಟ್ಟೆ ನೋಡಿದೆ. ಭೇದಿಯ ಜೊತೆ ರಕ್ತವಿತ್ತು. ಮುಟ್ಟಿನದಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು.

"ಉಚ್ಚೆ ಹೊಯ್ದಳಾ ಅತ್ತೆ?"

"ಬೆಳಿಗ್ಗೆಯಿಂದ ಇಲ್ಲ ಕಣವ್ವ."

ಅವರ ದನಿ ಸಣ್ಣಗಿತ್ತು. ಹದಿನಾಲ್ಕು ವರ್ಷದಲ್ಲಿ ಆ ದನಿ ನಾನು ಕೇಳಿರಲಿಲ್ಲ. ಮಗಳನ್ನು ಬಾಚಿ ಎತ್ತಿಕೊಂಡೆ. ಹನ್ನೆರಡು ವರ್ಷದ ಹುಡುಗಿ ಅಷ್ಟು ಹಗುರವಾಗಿರಬಾರದು.

"ಇನ್ನೆಲ್ಡೇ ದಿನ ಐತೆ, ಒಸ್ಲು ದಾಟ್ಸಬಾರ್ದು," ಅಂತ ಅತ್ತೆ ಅಂದರು. ಅಂದವರೇ ತಾವಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಪಕ್ಕದ ಮನೆಯ ಕೆಂಚಯ್ಯ ಮಾಮನ ಕಾರು ಅಂಗಳದಲ್ಲಿತ್ತು. ಅವರು ಊಟದ ಕೈಯನ್ನೂ ಸರಿಯಾಗಿ ತೊಳೆಯದೆ ಓಡಿಬಂದರು. ಅತ್ತೆ ಬರಿಗಾಲಲ್ಲಿ ಬಂದು ಹಿಂದಿನ ಸೀಟಿಗೆ ಹತ್ತಿದರು. ಕೈಯಲ್ಲೊಂದು ಕುಡುಗೋಲು, ಗಾಳಿ ಸೋಕದಿರಲಿ ಅಂತ. ಅದನ್ನು ಮಗುವಿನ ಕಾಲ ಬಳಿ ಇಟ್ಟು, ದಾರಿಯುದ್ದಕ್ಕೂ ಅದರ ಅಲಗನ್ನು ತಮ್ಮ ಕೈಯಿಂದ ಮುಚ್ಚಿ ಹಿಡಿದುಕೊಂಡಿದ್ದರು.

ಹಾಸನ ಎಷ್ಟು ದೂರವಿದೆ ಅಂತ ಆ ದಿನ ನನಗೆ ಗೊತ್ತಾಯಿತು. ದಿನಾ ಓಡಾಡುವ ರಸ್ತೆ. ರಸ್ತೆಯ ಪ್ರತಿ ಉಬ್ಬಿಗೂ ಕಾರು ನಿಧಾನವಾಗುತ್ತಿತ್ತು, ಪ್ರತಿ ಸಲವೂ ನಾನು ನಿಸರ್ಗಳ ಎದೆ ಏಳುತ್ತದೆಯಾ ಅಂತ ನೋಡುತ್ತಿದ್ದೆ. ಒಂದು ಕಡೆ ಕುರಿಹಿಂಡು ಅಡ್ಡ ಬಂತು. ಕೆಂಚಯ್ಯ ಮಾಮ ಹಾರನ್ ಮೇಲೆ ಇಟ್ಟ ಕೈ ತೆಗೆಯಲಿಲ್ಲ. ಹಿಂಡು ದಾಟುವವರೆಗೆ ನಾನು ಮಗಳ ಕೆನ್ನೆಗೆ ಹೊಡೆಯುತ್ತ, ಕಣ್ಬಿಡು ಕಂದಾ, ಕಣ್ಬಿಡು ಅಂತ ಕೂಗುತ್ತಿದ್ದೆ. ಅವಳು ಬಿಟ್ಟಳು, ಆದರೆ ನನ್ನನ್ನು ನೋಡಲಿಲ್ಲ.

ಮಕ್ಕಳ ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರತಿಭಾ ಅಂತ ಒಬ್ಬರಿದ್ದರು. ನಾಲ್ಕು ಸಲ ಚುಚ್ಚಿದ ಮೇಲೆ ನರ ಸಿಕ್ಕಿತು. ಡ್ರಿಪ್ ಓಡತೊಡಗಿದ ಮೇಲೆ ಅವರು ನಮ್ಮ ಕಡೆ ತಿರುಗಿದರು.

"ಏನೇನು ತಿಂದಳು? ಒಂದೂ ಮುಚ್ಚಿಡಬೇಡಿ."

ನಾನು ಎಲ್ಲ ಹೇಳಿದೆ. ಹಸಿ ಮೊಟ್ಟೆಯನ್ನೂ ಹೇಳಿದೆ.

"ಕೊನೇ ಸಲ ಹಸಿ ಮೊಟ್ಟೆ ಕೊಟ್ಟಿದ್ದು ಯಾವಾಗ?"

"ಮೂರು ದಿನ ಆಯ್ತು ಡಾಕ್ಟ್ರೇ. ಜ್ವರ ಬಂದ ಮೇಲೆ ನಿಲ್ಲಿಸಿದ್ವಿ."

ಹಿಂದೆ ನಿಂತಿದ್ದ ಅತ್ತೆ ಏನೋ ಅಂದರು. ನನಗೆ ಕೇಳಿಸಲಿಲ್ಲ. ಡಾಕ್ಟರು ಜೋರಾಗಿ ಹೇಳಿ ಅಂದರು.

"ಇವತ್ತು ಬೆಳಿಗ್ಗೆ ಎಲ್ಡು ಕೊಟ್ಟೆ ತಾಯಿ. ನೆನ್ನೆ ಎಲ್ಡು. ಮೊನ್ನೆಯೂ ಎಲ್ಡು. ಮಗ ಸುಸ್ತಾಗ್ಬುಟ್ಟಿತ್ತು. ಸಕ್ತಿ ಬರ್ಲಿ ಅಂತ... ಒಂದು ಸಾಲ್ದೇನೋ ಅಂತ ಎಲ್ಡು ಕೊಟ್ಟೆ."

ಡಾಕ್ಟರು ಬೈಯಲಿಲ್ಲ. ಹೇಗೆ ಕೊಟ್ಟಿರಿ ಅಂತ ಕೇಳಿದರು. ಅತ್ತೆ ಕೈಯಲ್ಲಿ ತೋರಿಸಿದರು, ಒಡೆದದ್ದು, ಸುರಿದದ್ದು, ಚಿಪ್ಪಿಗೆ ಎಣ್ಣೆ ತುಂಬಿಸಿದ್ದು.

"ಅಮ್ಮ, ಆ ಚಿಪ್ಪಿನ ಮೇಲೆ ಕೋಳಿ ಹಿಕ್ಕೆ ಇರುತ್ತಲ್ಲ. ಅದರಲ್ಲಿರೋ ರೋಗಾಣು ಎಣ್ಣೆ ಜೊತೆ ಮಗುವಿನ ಹೊಟ್ಟೆಗೆ ಹೋಗಿದೆ. ಒಳಗಿನ ಮೊಟ್ಟೇಲೂ ಇರಬಹುದು."

"ಪಾರಂ ಮೊಟ್ಟೆ ಅಲ್ಲ ತಾಯಿ. ನಮ್ಮನೆ ನಾಟಿ ಕೋಳಿದು."

"ನಾಟಿಯಾದ್ರೂ ಅಷ್ಟೇ, ಫಾರಮ್ಮಾದ್ರೂ ಅಷ್ಟೇ. ಮೊಟ್ಟೆ ತುಂಬಾ ಒಳ್ಳೆಯದು, ಬೇಯಿಸಿದರೆ ಮಾತ್ರ. ಹಸಿ ಮೊಟ್ಟೇಲಿ ಅರ್ಧ ಸತ್ವ ಮೈಗೇ ಹತ್ತೋದಿಲ್ಲ." ಆಮೇಲೆ ನನ್ನ ಕಡೆ ನೋಡಿ ದನಿ ತಗ್ಗಿಸಿದರು. "ಒಳಗೆ ನೀರೇ ಉಳಿದಿಲ್ಲ. ಸೋಂಕು ರಕ್ತಕ್ಕೆ ಹೋಗಿದೆಯಾ ಅಂತ ಪರೀಕ್ಷೆಗೆ ಕಳಿಸಿದ್ದೀನಿ. ನಾಳೆ ಬೆಳಿಗ್ಗೆಯೊಳಗೆ ಮೂತ್ರ ಬರಬೇಕು. ಬರದಿದ್ದರೆ ಕಿಡ್ನಿಗೆ ಪೆಟ್ಟು ಬಿದ್ದಿದೆ ಅಂತ ಅರ್ಥ. ಆಗ ಬೆಂಗಳೂರಿಗೆ ಕಳಿಸಬೇಕಾಗುತ್ತೆ."

ವಾರ್ಡಿನ ಹೊರಗೆ ಒಂದು ಬೆಂಚಿತ್ತು. ಜನ ಓಡಾಡುತ್ತಿದ್ದರು, ಯಾರೋ ಟೀ ಹಂಚುತ್ತಿದ್ದರು. ಅಲ್ಲಿ, ಎಲ್ಲರೆದುರಿಗೆ, ನಾನು ಅತ್ತೆಯ ತೋಳು ಹಿಡಿದು ಅಲುಗಾಡಿಸಿಬಿಟ್ಟೆ.

"ಬೇಡ ಅಂದಿರಲಿಲ್ವಾ ನಾನು? ಗಂಜಿ ಕೊಡಿ ಅಂದಿರಲಿಲ್ವಾ? ಕದ್ದು ಕೊಟ್ರಲ್ಲ, ನಿಮಗೇನು ಬುದ್ಧಿ ಇಲ್ವಾ? ನನ್ ಮಗಳನ್ನ ಕೊಂದ್ರಿ ನೀವು. ನೀವೇ ಕೊಂದ್ರಿ!"

ಟೀ ಹಂಚುವವನು ನಿಂತುಬಿಟ್ಟ. ಅತ್ತೆ ತಿರುಗಿ ಬೈಯುತ್ತಾರೆ ಅಂದುಕೊಂಡೆ, ಬೈಯಲಿ ಅಂತಲೇ ಕಾದೆ. ಅವರು ನನ್ನನ್ನೇ ನೋಡುತ್ತ ನಿಂತರು. ಕಣ್ಣಲ್ಲಿ ಹನಿ ನೀರಿರಲಿಲ್ಲ.

"ನಾ ಓದ್ದೋಳಲ್ಲ ಕಣವ್ವ. ನೀ ಓದ್ದೋಳು. ಮೊದಲ್ನೇ ದಿನ ಎಣ್ಣೆ ಇಡ್ಕಂಡು ನನ್ ಪಕ್ದಾಗೇ ನಿಂತಿದ್ದೆ. ಮಗೀಗೆ ಕೆಡುಕಾಗೋದಾಗಿದ್ರೆ ನೀನು ಸುಮ್ಕಿರ್ತಿದ್ದಾ? ಅಸಿ ಮೊಟ್ಟೆ ಒಳ್ಳೇದೇ ಇರ್ಬೇಕು, ಅದ್ಕೇ ಸುಮ್ಕವ್ಳೆ ಅಂದ್ಕಂಡೆ."

ನನ್ನ ಕೈ ತಾನಾಗಿ ಸಡಿಲವಾಯಿತು. ಅವರ ಮಾತಿನಲ್ಲಿ ಕೊಂಕಿರಲಿಲ್ಲ, ಚುಚ್ಚುವ ಉದ್ದೇಶವಿರಲಿಲ್ಲ. ನಾನು ಹೆದರಿ ಬಾಯಿ ಮುಚ್ಚಿಕೊಂಡದ್ದನ್ನು ಅವರು ಒಪ್ಪಿಗೆ ಅಂತ ತಿಳಿದಿದ್ದರು. ಊರಿಗೇ ಬುದ್ಧಿ ಹೇಳುವ ಹೆಂಗಸು ನನ್ನ ಓದಿಗೆ ಅಷ್ಟು ಬೆಲೆ ಕೊಟ್ಟಿದ್ದರು ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಬೆಂಚಿನ ಈ ತುದಿಗೆ ನಾನು, ಆ ತುದಿಗೆ ಅವರು ಕೂತೆವು.

ಸಂಜೆ ಹೊತ್ತಿಗೆ ಮೋಹನ್ ಬಂದರು. ಅಂಗಿಗೆ ತೆಂಗಿನ ನಾರು ಅಂಟಿತ್ತು. "ಏನಾಯ್ತವ್ವ?" ಅಂತ ಕೇಳಿದರು.

"ನಂದೇ ತಪ್ಪು ಕಣ್ಲಾ ಮೋಹನ," ಅಂದರು ಅತ್ತೆ. ಅಷ್ಟೇ ಅಂದರು. ನನ್ನ ಹೆಸರು ತರಲಿಲ್ಲ.

ನಾನೂ ತರಲಿಲ್ಲ. ಆ ಗಳಿಗೆಯಲ್ಲಾದರೂ ನಾನು ಬಾಯಿ ಬಿಡಬಹುದಿತ್ತು. ಗಂಡನ ಮುಖ ನೋಡಿ ಮತ್ತೆ ಹೆದರಿದೆ. ಇಂಥ ಹೆದರುಪುಕ್ಕಲಿಗೆ ಮಕ್ಕಳು ದಿನಾ ಎದ್ದು ನಿಂತು ನಮಸ್ತೇ ಮೇಡಂ ಅನ್ನುತ್ತಾರೆ.

ಆ ರಾತ್ರಿಯನ್ನು ಹೇಗೆ ಕಳೆದೆವು ಅಂತ ವಿವರಿಸಲಾರೆ. ಮಂಚದ ಪಕ್ಕ ಮೂತ್ರದ ಚೀಲ ತೂಗುಹಾಕಿದ್ದರು. ಒಳಗೆ ಬಿಟ್ಟ ಪ್ರತಿ ಸಲವೂ ನನ್ನ ಕಣ್ಣು ಮೊದಲು ಅದರ ಕಡೆ ಹೋಗುತ್ತಿತ್ತು. ಚೀಲ ಚಪ್ಪಟೆಯಾಗಿಯೇ ಇತ್ತು. ಮಗಳು ಇಲ್ಲದ ಮನೆ, ಒಣಗಿದ ಗುಡ್ಲು, ಅವಳ ಚಾಪೆ, ಎಲ್ಲ ಕಣ್ಣ ಮುಂದೆ ಬರುತ್ತಿದ್ದವು. ಬೇಡ ಬೇಡ ಅಂದರೂ ಬರುತ್ತಿದ್ದವು.

ಬೆಳಿಗ್ಗೆ ಆರೂವರೆಗೆ ನರ್ಸು ಬಾಗಿಲು ತೆಗೆದು, "ಬಂತು ನೋಡಿ," ಅಂದಳು. ಚೀಲದ ತಳದಲ್ಲಿ ಕಡುಹಳದಿಯಾಗಿ ಎರಡು ಚಮಚದಷ್ಟಿತ್ತು. ಜನ ದೇವರ ತೀರ್ಥವನ್ನು ನೋಡುವಷ್ಟು ಭಕ್ತಿಯಿಂದ ನಾನೂ ಮೋಹನನೂ ಅದನ್ನು ನೋಡಿದೆವು. ಅತ್ತೆ ನೋಡಲು ಬರಲಿಲ್ಲ. ಬಾಗಿಲ ಹತ್ತಿರ ನಿಂತು, "ಬಂತಾ? ದಿಟವಾಗ್ಲೂ ಬಂತಾ?" ಅಂತ ನರ್ಸನ್ನು ಮೂರು ಸಲ ಕೇಳಿದರು. ಆಮೇಲೆ ಗೋಡೆಗೆ ಒರಗಿ ಜಾರಿ ಕೂತರು.

ಪರೀಕ್ಷೆಯ ಫಲಿತಾಂಶ ಬಂತು, ಸಾಲ್ಮೊನೆಲ್ಲಾ. ನಾನು ಕಪ್ಪುಹಲಗೆಯ ಮೇಲೆ ಬರೆದು ಅಡಿಗೆರೆ ಎಳೆದಿದ್ದ ಹೆಸರು. ರಕ್ತಕ್ಕೆ ಹೋಗಿರಲಿಲ್ಲ. ಆರು ದಿನ ಆಸ್ಪತ್ರೆಯಲ್ಲಿದ್ದೆವು. ಒಸಗೆಯ ದಿನ ಕಾಂತರಾಜಣ್ಣ ಸೀರೆ, ಬಳೆ, ಹಣ್ಣು ಹಿಡಿದುಕೊಂಡು ವಾರ್ಡಿಗೇ ಬಂದ. ಅತ್ತೆ ಅವನಿಗೆ ಕೂತ್ಕೋ ಅಂತಲೂ ಹೇಳಲಿಲ್ಲ, ಶಾಸ್ತ್ರದ ಮಾತೂ ಎತ್ತಲಿಲ್ಲ. ಆರೂ ದಿನ ಅವರು ಮಗುವಿನ ಮಂಚವನ್ನು ಮುಟ್ಟಲಿಲ್ಲ. ಕುಡಿಯಲು ನೀರು ಕೇಳಿದರೂ, "ನಿಮ್ಮಮ್ಮ ಕೊಡ್ತಾಳೆ," ಅಂತ ನನ್ನನ್ನು ಕರೆಯುತ್ತಿದ್ದರು.

ಮನೆಗೆ ಕಳಿಸುವಾಗ ಡಾಕ್ಟರು, ಹುಡುಗಿ ಐದು ಕೆಜಿ ಇಳಿದಿದ್ದಾಳೆ, ಬೇಳೆ, ಮೊಸರು, ದಿನಕ್ಕೊಂದು ಮೊಟ್ಟೆ ಕೊಡಿ, ತೊಳೆದು, ಕುದಿಯುವ ನೀರಿನಲ್ಲಿ ಹನ್ನೆರಡು ನಿಮಿಷ ಬೇಯಿಸಿ ಅಂದರು. ಸುಲಭದ ಮಾತು. ಆದರೆ ನಿಸರ್ಗ ಮೊಟ್ಟೆ ಕಂಡರೆ ತುಟಿ ಬಿಗಿಯುತ್ತಿದ್ದಳು. ಬಲವಂತ ಮಾಡಿದರೆ ತಿಂದ ಅನ್ನವನ್ನೂ ಕಕ್ಕುತ್ತಿದ್ದಳು. ಅನ್ನ ಸೇರದು, ಬೇಳೆ ಸೇರದು. ಮೆಟ್ಟಿಲು ಹತ್ತಿದರೆ ಏದುಸಿರು. ಎರಡು ವಾರ ಕಳೆದರೂ ತೂಕದ ಮುಳ್ಳು ಅಲುಗಾಡಲಿಲ್ಲ. ಹೀಗೇ ಸೊರಗಿದರೆ ಇನ್ನೊಂದು ಜ್ವರವನ್ನು ತಡೆಯುತ್ತಾಳಾ ಅಂತ ನನಗೆ ಕೂತಲ್ಲಿ ನಿಂತಲ್ಲಿ ದಿಗಿಲು.

ಅತ್ತೆಯ ದಿಗಿಲು ಇನ್ನೊಂದು ಥರ. ಹಿತ್ತಿಲ ಬಾಗಿಲಿಗೆ ಆಚೆ ಬೀದಿಯ ಚೆನ್ನಯ್ಯನ ಹೆಂಡತಿ ಬಂದು, ಬಾಣಂತಿ ಮಗಳಿಗೆ ಎರಡು ಮೊಟ್ಟೆ ಕೇಳಿದಾಗ ಅತ್ತೆ, "ಬೇಯಿಸ್ತೀನಿ ಅಂತ ಆಣೆ ಇಟ್ರೆ ಕೊಡ್ತೀನಿ," ಅಂದು, ಆಣೆ ಇಡಿಸಿಕೊಂಡೇ ಕೊಟ್ಟರು. ಸಂಜೆ ಅವರ ಮನೆಗೆ ಹೋಗಿ, ಬೇಯಿಸಿದ್ದಾರಾ ಅಂತ ಪಾತ್ರೆ ನೋಡಿ ಬಂದರು. ಬಿಂದುಶ್ರೀಯನ್ನು ದಾರಿಯಲ್ಲಿ ಕಂಡರೆ ನಿಲ್ಲಿಸಿ, "ಒಟ್ಟೆ ನೋವು ಐತೇನವ್ವ?" ಅಂತ ಕೇಳುತ್ತಿದ್ದರಂತೆ. ಅವಳಿಗೆ ಕುಡಿಸಿ ಎರಡು ವರ್ಷವಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ಒಲೆಯ ಮುಂದೆ ಕೂತು ಒಂದು ಮೊಟ್ಟೆ ಬೇಯಿಸಿದರು. ಹನ್ನೆರಡು ನಿಮಿಷವಲ್ಲ, ಅರ್ಧ ಗಂಟೆ. ಸುಲಿದು, ತಟ್ಟೆಯಲ್ಲಿಟ್ಟು, ದಾರದಿಂದ ಎರಡು ಹೋಳು ಮಾಡಿದರು. ಹಳದಿ ಅಂಚಿನಲ್ಲಿ ಹಸಿರಾಗಿತ್ತು. ತಟ್ಟೆಯನ್ನು ನಿಸರ್ಗಳ ಮುಂದೆ ಇಟ್ಟರು. ಅವಳು ಹಿಂದಕ್ಕೆ ಸರಿದಳು.

"ನೀ ತಿನ್ಬ್ಯಾಡ," ಅಂದರು ಅತ್ತೆ. "ನಾ ತಿಂತೀನಿ, ನೋಡ್ತಾ ಇರು. ನಾಳೆ ಬೆಳಿಗ್ಗೆ ಗಂಟ ನಂಗೇನೂ ಆಗ್ನಿಲ್ಲ ಅಂದ್ರೆ ಆಮೇಕೆ ನಿನ್ನಿಷ್ಟ."

ಒಂದು ಹೋಳು ತೆಗೆದು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಅಗಿದರು. ಮಗುವಿನೆದುರಿಗೆ ತೋರಿಸಿಕೊಳ್ಳಲು ಮಾಡಿದ ನಾಟಕವಲ್ಲ ಅದು. ಆ ಹೋಳಿನಲ್ಲಿ ಸಾವು ಇರಬಹುದು ಅಂತ ಅವರು ನಿಜವಾಗಿ ನಂಬಿದ್ದರು, ನಂಬಿಯೂ ನುಂಗಿದರು.

ನನಗೆ ತಡೆಯಲಾಗಲಿಲ್ಲ. ಹೋಗಿ ತಟ್ಟೆಯ ಮುಂದೆ ಕೂತೆ. ಮಿಕ್ಕ ಹೋಳನ್ನು ನಾನು ತಿಂದೆ. ನುಂಗಿದ ಮೇಲೆ ಮಗಳಿಗೆ ಹೇಳಿದೆ.

"ಅವತ್ತು ತಪ್ಪು ಮಾಡಿದ್ದು ಅಜ್ಜಿ ಒಬ್ಬರೇ ಅಲ್ಲ ಕಣೇ. ಅಜ್ಜಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹಸಿ ಮೊಟ್ಟೆ ಕೊಡಬಾರದು ಅಂತ ಗೊತ್ತಿದ್ದೂ ಹೆದರಿ ಸುಮ್ಮನಿದ್ದೆ. ಎಣ್ಣೆ ಬಾಟಲಿ ಹಿಡಿದು ನಿಂತವಳು ನಾನೇ."

ಬಾಗಿಲಲ್ಲಿ ಮೋಹನ್ ನಿಂತಿದ್ದು ನನಗೆ ಆಗ ಕಂಡಿತು. ಅತ್ತೆ ತಟ್ಟೆ ತೆಗೆದುಕೊಂಡು ಎದ್ದುಹೋದರು. ನಿಸರ್ಗ ನನ್ನನ್ನು ತುಂಬ ಹೊತ್ತು ನೋಡಿದಳು. ಅಜ್ಜಿಯನ್ನು ನೋಡಿದ್ದಕ್ಕಿಂತ ಹೆಚ್ಚು ಹೆದರಿ ನನ್ನನ್ನು ನೋಡಿದಳು. ದಿನವೆಲ್ಲ ನನ್ನ ಜೊತೆ ಮಾತಾಡಲಿಲ್ಲ.

ಮಾರನೆಯ ಬೆಳಿಗ್ಗೆ, ಕಿಟಕಿಯಲ್ಲಿ ಬೆಳಕು ಬಿದ್ದ ಹೊತ್ತು, ಮೂಗಿನ ಕೆಳಗೆ ಏನೋ ತಣ್ಣಗೆ ತಾಗಿ ನನಗೆ ಎಚ್ಚರವಾಯಿತು. ಕಣ್ಣು ಬಿಟ್ಟೆ. ನಿಸರ್ಗ ಮಂಡಿಯೂರಿ ಕೂತು ನನ್ನ ಮೂಗಿಗೆ ಬೆರಳು ಹಿಡಿದಿದ್ದಳು. ನಾನು ಕಣ್ಣು ಬಿಟ್ಟದ್ದು ಕಂಡು ಬೆರಳು ತೆಗೆದಳು, ಎದ್ದು ನಡುಮನೆಗೆ ಹೋದಳು. ನಾನೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ದಿನಾ ಕೋಳಿ ಕೂಗುವ ಮೊದಲೇ ಏಳುವ ಅತ್ತೆ ಇನ್ನೂ ಚಾಪೆಯ ಮೇಲೆ ಮಲಗಿದ್ದರು, ಕಣ್ಣು ಬಿಗಿಯಾಗಿ ಮುಚ್ಚಿತ್ತು. ಮಗಳು ಬಗ್ಗಿ ಅವರ ಮೂಗಿನ ಕೆಳಗೂ ಬೆರಳು ಹಿಡಿದಳು. ಅತ್ತೆ ಅಲುಗಾಡಲಿಲ್ಲ. ಅವರ ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು.

"ಅಜ್ಜಿಗೂ ಉಸ್ರೈತೆ ಕಣಮ್ಮ," ಅಂದಳು ನಿಸರ್ಗ. "ಬೇಯ್ಸು. ನಂಗೆ ಅರ್ಧ ಸಾಕು."